ಸಮುದ್ರಕ್ಕೆ ಫಾಲ್ ಹಚ್ಚಿದ್ದು

ಮೊನ್ನೆ ಶನಿವಾರ ನಮ್ಮ ವ್ಯಾಕ್ಯೂಮ್ ಕ್ಲೀನರ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಹೊಟ್ಟೆ ಬಿಚ್ಚಿ ನೋಡಿದರೆ ಒಂದು ಹಿಡಿ ಮರಳು, ಒಂದು ಚೂರು ಕಪ್ಪೆಚಿಪ್ಪು, ಗೇಣುದ್ದದ ನೀಲಿ ದಾರ. ನನ್ನ ಹೆಂಡತಿ ಶೈಲಾ ಬಾಗಿಲಲ್ಲಿ ನಿಂತು ನೋಡಿ, "ನಿಮ್ಮ ಸಮುದ್ರ ಇನ್ನೂ ಮನೆ ಬಿಟ್ಟು ಹೋಗಿಲ್ಲ ಅನ್ನಿ" ಎಂದಳು. ಆ ಸಮುದ್ರ ನಮ್ಮ ಮನೆಗೆ ಬಂದು ಆರು ತಿಂಗಳಾಯಿತು. ಕಾರಿನ ಡಿಕ್ಕಿ ತೊಳೆದದ್ದಾಯಿತು, ಷೂಗಳನ್ನು ಬಡಿದು ಬಿಸಿಲಿಗಿಟ್ಟದ್ದಾಯಿತು, ಆದರೂ ಎಲ್ಲಿಂದಲೋ ಉದುರುತ್ತಲೇ ಇದೆ. ಹೇಗೂ ಗುಡಿಸುವ ಯಂತ್ರ ಕೆಟ್ಟು ಕೂತಿದೆ, ನನಗೂ ಬಿಡುವು. ನೀವೂ ಬಿಡುವಾಗಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ನಾನಿರುವುದು ಆಕ್ಲೆಂಡಿನ ದಕ್ಷಿಣಕ್ಕಿರುವ ಪಾಪಟೊಯಿಟೊಯಿಯಲ್ಲಿ. ಕೆಲಸ ವಿಮಾನ ನಿಲ್ದಾಣದ ಹತ್ತಿರ, ಪ್ರಯಾಣಿಕರ ಪೆಟ್ಟಿಗೆಗಳನ್ನು ಸಾಗಿಸುವ ಬೆಲ್ಟುಗಳ ಸಾಫ್ಟ್‌ವೇರ್ ನೋಡಿಕೊಳ್ಳುವುದು. ವಾರವಿಡೀ ಒಂದೊಂದು ವಸ್ತುವೂ ಅದು ಹೋಗಬೇಕಾದ ಕಡೆಗೇ ಹೋಯಿತೇ ಎಂದು ಕಾಯುವವನಿಗೆ ವಾರದ ಕೊನೆಯಲ್ಲಿ ವಸ್ತುಗಳನ್ನು ಇರಬಾರದ ಕಡೆ ಇಡುವ ಚಪಲ ಹುಟ್ಟುವುದು ಸಹಜ. ಇಂಗ್ಲಿಷಿನಲ್ಲಿ ಇದಕ್ಕೆ ಸರ್ರಿಯಲ್ ಆರ್ಟ್ ಎಂಬ ಗಂಭೀರವಾದ ಹೆಸರಿದೆ. ಶೈಲಾ "ಇಲ್ಲದ್ದನ್ನ ಮಾಡೋದು" ಎನ್ನುತ್ತಾಳೆ. ಇದಕ್ಕಿಂತ ಒಳ್ಳೆಯ ಅನುವಾದ ನನಗೆ ಸಿಕ್ಕಿಲ್ಲ.

ವಿಧಾನ ಸರಳ. ರಟ್ಟು, ಬಟ್ಟೆ, ಹತ್ತಿ, ಗೋಂದು ಇಟ್ಟುಕೊಂಡು ಅರ್ಧ ಭಾಗವನ್ನು ಕೈಯಲ್ಲಿ ಮಾಡುವುದು, ಅದರ ಫೋಟೊ ತೆಗೆಯುವುದು, ಉಳಿದರ್ಧವನ್ನು ಕಂಪ್ಯೂಟರಿನಲ್ಲಿ ಸೇರಿಸಿ ಎಲ್ಲಿ ಕೈ ಮುಗಿಯಿತು ಎಲ್ಲಿ ಕಂಪ್ಯೂಟರು ಶುರುವಾಯಿತು ಎಂದು ತಿಳಿಯದ ಹಾಗೆ ಮಾಡುವುದು. ಹೀಗೆ ನಾನು ಕುಕ್ಕರಿನಿಂದ ಮೋಡ ಎಬ್ಬಿಸಿದ್ದೇನೆ. ನಮ್ಮ ಗೇಟಿನ ಟಪಾಲು ಪೆಟ್ಟಿಗೆಗೆ ಬೇರು ಬಿಡಿಸಿದ್ದೇನೆ. ಮನೆಗೆ ಬಂದವರು ಗೋಡೆಯ ಮೇಲೆ ಅದನ್ನು ನೋಡಿ, "ಮಗಳು ಮಾಡಿದ್ದಾ?" ಎಂದು ಕೇಳುತ್ತಾರೆ.

ಈ ಚಟ ಹೊಸದೇನಲ್ಲ. ಮೈಸೂರಿನಲ್ಲಿ, ನನಗೆ ಒಂಬತ್ತು ವರ್ಷವಿದ್ದಾಗ, ಅಮ್ಮನ ಹೊಲಿಗೆ ಡಬ್ಬಿಯಿಂದ ಕತ್ತರಿ ತೆಗೆದು ಸೋದರಮಾವನ ಮದುವೆ ಆಲ್ಬಮ್ಮಿನಿಂದ ಮಾವನ ತಲೆಯನ್ನು ನೀಟಾಗಿ ಕತ್ತರಿಸಿ, ಬೀಜದ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಕುಂಬಳಕಾಯಿಗೆ ಅಂಟಿಸಿದ್ದೆ. ಅನ್ನದ ಅಗುಳಲ್ಲಿ ಅಂಟಿಸಿದ್ದು, ಬಹಳ ಗಟ್ಟಿಯಾಗಿ ಕೂತಿತ್ತು. ಆಲ್ಬಮ್ಮಿನಲ್ಲಿ ಅತ್ತೆ ತಲೆಯಿಲ್ಲದ ಗಂಡನಿಗೆ ಹಾರ ಹಾಕುತ್ತಿದ್ದರು. ಮಾವ ಬಂದರು, ಕ್ಯಾಲೆಂಡರ್ ನೋಡಿದರು, ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅವರು ಬಹಳ ಹೊತ್ತು ನೋಡಿ, "ಮೀಸೆ ಒಂದು ಕಡೆ ಕತ್ತರಿಸಿ ಹೋಗಿದೆಯಲ್ಲೋ" ಎಂದರಷ್ಟೆ. ನನ್ನ ಜೀವನದ ಮೊದಲ ಕಲಾವಿಮರ್ಶೆ ಅದು. ಅಮ್ಮನ ವಿಮರ್ಶೆ ಆಮೇಲೆ ಬೆನ್ನ ಮೇಲೆ ಬಂತು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಆ ಕಾಲಕ್ಕೆ ನನ್ನ ಪಾಲಿಗೆ ಬಂದಿದ್ದ ಮನೆಗೆಲಸವೆಂದರೆ ಮ್ಯಾಚಿಂಗ್ ಸೆಂಟರಿಗೆ ಹೋಗಿ ಅಮ್ಮನ ಸೀರೆಗಳಿಗೆ ಫಾಲ್ ತರುವುದು. ಸೀರೆಯನ್ನು ಕಾಗದದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗಬೇಕು. ಅಂಗಡಿಯವನು ನೂರಾರು ಬಣ್ಣದ ಫಾಲ್‌ಗಳಲ್ಲಿ ನಾಲ್ಕನ್ನು ಎಳೆದು, ಮೆಟ್ಟಿಲಿಗೆ ಬಂದು ಬಿಸಿಲಿನಲ್ಲಿ ಸೀರೆಯ ಪಕ್ಕ ಹಿಡಿದು, "ಇದೇ ಸರಿ" ಎನ್ನುತ್ತಿದ್ದ. ಮನೆಗೆ ಬಂದರೆ ಅಮ್ಮ, "ಇದು ನವಿಲಿನ ಕತ್ತು, ನೀನು ತಂದಿರೋದು ಶಾಯಿ" ಎಂದು ವಾಪಸು ಕಳಿಸುತ್ತಿದ್ದಳು. ಒಂದೇ ಮಧ್ಯಾಹ್ನ ಮೂರು ಸಲ ಹೋಗಿದ್ದುಂಟು. ನೀಲಿಯಲ್ಲಿ ಎಷ್ಟು ನೀಲಿಗಳಿವೆ ಎಂದು ನನಗೆ ಯಾವ ಕಲಾಶಾಲೆಯೂ ಕಲಿಸಬೇಕಾಗಿರಲಿಲ್ಲ.

ಅದರಿಂದಲೇ ಇರಬೇಕು, ಕಳೆದ ಬೇಸಿಗೆಯಲ್ಲಿ ಬಾಟನಿ ಡೌನ್ಸ್ ದಾಟಿ ಪೂರ್ವದ ಕಡಲತೀರಕ್ಕೆ ಹೋಗಿ ಕೂತಿದ್ದಾಗ ಅಲೆಯ ಅಂಚು ನನಗೆ ಫಾಲ್ ಬಿಚ್ಚಿಹೋದ ಸೀರೆಯ ಹಾಗೆ ಕಂಡಿತು. ಎಳೆದೆಳೆದು ನೂಲು ಎದ್ದಿದೆ. ಯಾರಾದರೂ ಕೂತು ಹೊಲಿಯಬೇಕು. ಮರಳಿನ ಮೇಲೆ ಒಂದು ಹೊಲಿಗೆ ಯಂತ್ರ, ಅದರ ಮುಂದೆ ಒಬ್ಬ ಹೆಂಗಸು, ಸೂಜಿಯ ಕೆಳಗೆ ಸಮುದ್ರ. ನಮ್ಮ ಊರಿನ ಹಾಲ್‌ನಲ್ಲಿ ಸ್ಥಳೀಯರ ಕಲಾಪ್ರದರ್ಶನ ಬರುವುದಿತ್ತು. ನನ್ನ ಚಿತ್ರವನ್ನು ನೋಡಿ "ಮಗಳು ಮಾಡಿದ್ದಾ" ಎಂದು ಕೇಳದ ಹಾಗೆ ಮಾಡಬೇಕೆಂಬ ಹಟವೂ ಇತ್ತು.

ಮಗಳು ಮಾನಸಿಗೆ ಹದಿನೇಳು. ಕಂಪ್ಯೂಟರಿನಲ್ಲಿ ಚಿತ್ರ ಕೂಡಿಸುವುದರಲ್ಲಿ ನನಗಿಂತ ಎಷ್ಟೋ ಮುಂದೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಿಮ್ಮ ಅನುಕೂಲಕ್ಕೆ ಅವಳ ಮಾತುಗಳನ್ನು ಕನ್ನಡದಲ್ಲೇ ಕೊಡುತ್ತೇನೆ. ಅನುವಾದ ನನ್ನದು, ಧಾಟಿ ಮೂಲದ್ದು.

"ನಿನ್ನ ಹಳೇ ಚಿತ್ರಗಳಲ್ಲಿ ನೀರು ಪ್ಲಾಸ್ಟಿಕ್ ಥರ ಕಾಣತ್ತೆ ಅಪ್ಪ. ನಾನು ಮಾಡಿಕೊಡ್ತೀನಿ. ಆದರೆ ನೀನು ಹಿಂದೆ ನಿಂತು ಬೆರಳು ತೋರಿಸಬಾರದು."

ಒಪ್ಪಿಕೊಂಡೆ. ಶೈಲಾಳ ಕಪಾಟಿನಿಂದ ಎರಡು ನೀಲಿ ಸಿಂಥೆಟಿಕ್ ಸೀರೆಗಳು ಬಹಳ ಚರ್ಚೆಯ ನಂತರ ಹೊರಬಂದವು. ಎರಡನ್ನೂ ಕೂಡಿಸಿದರೆ ಹನ್ನೊಂದು ಮೀಟರ್. ಯಂತ್ರದಿಂದ ನೀರಿನವರೆಗೆ ಅದನ್ನು ಹಾಸಿ, ಸೀರೆ ಎಲ್ಲಿ ಸಮುದ್ರವಾಗುತ್ತದೋ ಅಲ್ಲಿ ಮಾನಸಿಯ ಕೆಲಸ ಶುರು. ಇನ್ನು ಬೇಕಾದದ್ದು ಯಂತ್ರ, ಯಂತ್ರದ ಮುಂದೆ ಕೂರುವವರು.

ಅದಕ್ಕೆ ಜುಬೇದಾ ಆಂಟಿ ಇದ್ದರು. ನಮ್ಮ ಹಿಂದಿನ ರಸ್ತೆಯಲ್ಲೇ ಮನೆ. ಮೂಲ ಹರಿಹರ. ಮನೆಯೊಳಗೆ ಅವರ ಉರ್ದು, ನಮ್ಮ ಜೊತೆ ಅಪ್ಪಟ ಹರಿಹರದ ಕನ್ನಡ. ಇಪ್ಪತ್ತು ವರ್ಷ ಈ ಕಡೆಯ ಅರ್ಧ ಜನರ ಪ್ಯಾಂಟು, ರವಿಕೆ, ಪರದೆಗಳನ್ನು ಹೊಲಿದುಕೊಟ್ಟವರು. ಕಾಲಲ್ಲಿ ತುಳಿಯುವ ಅವರ ಯಂತ್ರವನ್ನು ಅವರ ಗಂಡ ರಹೀಮ್ ಅಂಕಲ್ ಯಾರದೋ ಮನೆಯ ಗರಾಜಿನಿಂದ ತಂದು ರಿಪೇರಿ ಮಾಡಿಕೊಟ್ಟಿದ್ದರು. ಎರಡು ವರ್ಷದ ಹಿಂದೆ ರಹೀಮ್ ಅಂಕಲ್ ತೀರಿಕೊಂಡರು. ಆಂಟಿ ಯಂತ್ರದ ಮೇಲೆ ಕಸೂತಿಯ ಬಟ್ಟೆ ಹೊದಿಸಿ ಹೂದಾನಿ ಇಟ್ಟುಬಿಟ್ಟರು. ಯಾರಾದರೂ ಬಟ್ಟೆ ತಂದರೆ, "ಬಿಟ್ಟುಬಿಟ್ಟೀನಪ್ಪ, ಕಣ್ಣು ಕಾಣಲ್ಲ" ಎನ್ನುತ್ತಿದ್ದರು. ಆದರೆ ಅಕ್ಕಿಯಲ್ಲಿ ಒಂದೇ ಒಂದು ಕಲ್ಲಿದ್ದರೂ ಅವರ ಕಣ್ಣಿಗೆ ಬೀಳುತ್ತಿತ್ತು. ನಮಗೆಲ್ಲ ಅದು ಗೊತ್ತಿತ್ತು, ಯಾರೂ ಆಡಿ ತೋರಿಸುತ್ತಿರಲಿಲ್ಲ.

ನಾನು ಪೆನ್ಸಿಲ್ಲಿನಲ್ಲಿ ಬರೆದ ಚಿತ್ರವನ್ನು ಅವರ ಮುಂದಿಟ್ಟೆ. ಅವರು ಕಾಗದವನ್ನು ತಿರುಗಿಸಿ ನೋಡಿದರು.

"ಸಮುದ್ರಕ್ಕೆ ಫಾಲ್ ಯಾಕಪ್ಪ ಪ್ರಕಾಶ? ಅದೇನು ನೆಲಕ್ಕೆ ತಾಗಿ ಸವೀತೈತಾ?"

"ದಿನಕ್ಕೆ ಎರಡು ಸಲ ಎಳೆದಾಡ್ತಾರೆ ಆಂಟಿ, ಸವೀದೇ ಇರತ್ತಾ."

ಅವರು ನಕ್ಕರು. ನಾನು ಧೈರ್ಯ ಮಾಡಿ ಹೇಳಿದೆ: ನೀವು ಹೊಲಿಯೋದೇನೂ ಬೇಡ, ಯಂತ್ರದ ಮುಂದೆ ಹೊಲಿಯುವ ಹಾಗೆ ಕೂತರೆ ಸಾಕು.

ನಗು ನಿಂತಿತು. "ಹೊಲಿಯೋ ಹಂಗೆ ಕೂರೋದು ನಂಗೆ ಬರಲ್ಲಪ್ಪ" ಎಂದು ಕಾಗದ ವಾಪಸು ಕೊಟ್ಟರು.

ನಾನು ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಒಳಗಿಂದ ದನಿ ಬಂತು. "ಯಾವ ಬಣ್ಣದ ಫಾಲು?"

"ಬಿಳಿ, ಆಂಟಿ. ನೊರೆ ಥರ."

"ನೀಲಿ ಸೀರೆಗೆ ಬಿಳಿ ಫಾಲಾ? ಯಾರು ಉಡ್ತಾರೆ ಅದನ್ನ?"

"ಯಾರೂ ಉಡಲ್ಲ ಆಂಟಿ, ಸಮುದ್ರ ಅಲ್ವಾ."

"ಯಾರೂ ಉಡದಿದ್ರೂ ನಾನು ಹೊಲಿದಿದ್ದು ಅಂತ ಇರ್ತೈತಲ್ಲ."

ಬಾಗಿಲಲ್ಲಿ ನಿಂತೇ ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಒಳಗೆ ನೀಲಿ ಫಾಲ್, ಹೊರ ಅಂಚಿಗೆ ನೊರೆಯ ಲೆಕ್ಕಕ್ಕೆ ಬಿಳಿ ಲೇಸು ಎಂದು ತೀರ್ಮಾನವಾಯಿತು. ನಿಜವಾಗಿ ಹೊಲಿಯುವುದು, ಸಮುದ್ರದ ಎದುರೇ ಹೊಲಿಯುವುದು, ಫೋಟೊದಲ್ಲಿ ಮುಖ ಬರಬಾರದು, ಕೈ ಬಂದರೆ ಸಾಕು. ಇವು ಅವರ ಷರತ್ತುಗಳು. ಹೂದಾನಿಯನ್ನು ತಾವೇ ಎತ್ತಿ ಕಿಟಕಿಯ ಮೇಲಿಟ್ಟರು. ನಾನು ಏನೋ ದೊಡ್ಡ ಸಾಧನೆ ಮಾಡಿದವನಂತೆ ಮನೆಗೆ ಬಂದೆ. ಮರುದಿನ ಸೀರೆ, ನೀಲಿ ಫಾಲ್, ಲೇಸು ಅವರಿಗೆ ಕೊಟ್ಟುಬಂದು ಹತ್ತು ನಿಮಿಷವಾಗಿರಲಿಲ್ಲ, ಫೋನ್ ಬಂತು. ನಾನು ತಂದಿಟ್ಟ ಫಾಲ್ ಸೀರೆಗೆ ಮ್ಯಾಚ್ ಆಗುವುದಿಲ್ಲವಂತೆ.

ಒಂದು ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಎಲ್ಲರೂ ಕಡಲತೀರದಲ್ಲಿದ್ದೆವು. ಆಂಟಿಯ ಮಗ ಇಮ್ತಿಯಾಜ್ ಎಲೆಕ್ಟ್ರಿಷಿಯನ್. ಸಾಮಾನು ಹೇರಲು ಹಿಂಭಾಗ ತೆರೆದಿರುವ ಅವನ ಯೂಟ್ ಗಾಡಿಯಲ್ಲಿ ಯಂತ್ರ, ಒಂದು ಸ್ಟೂಲು, ಯಂತ್ರದ ಕಾಲುಗಳು ಮರಳಿನಲ್ಲಿ ಹೂತುಹೋಗದ ಹಾಗೆ ಕೆಳಗೆ ಹಾಸಲು ಪ್ಲೈವುಡ್ಡು. ನೀರಿನ ಅಂಚಿನಿಂದ ಹನ್ನೊಂದು ಮೀಟರ್ ಅಳೆದು ಯಂತ್ರ ಇಟ್ಟೆವು. ನಾಯಿಗಳನ್ನು ಅಡ್ಡಾಡಿಸಲು ಬಂದವರು ನಿಂತು ನೋಡತೊಡಗಿದರು. ಒಬ್ಬ ಮುದುಕ, ಇಲ್ಲಿಯವರ ಸೌಜನ್ಯವೇ ಹಾಗೆ, ಸಮುದ್ರತೀರದಲ್ಲಿ ಹೊಲಿಗೆ ಯಂತ್ರ ಏಕೆ ಎಂದು ಕೇಳದೆ, "ಹೊಲಿಗೆಗೆ ಒಳ್ಳೆ ದಿನ" ಎಂದು ಹೇಳಿ ಹೋದ.

ಆಂಟಿ ಕೂತರು. ಕನ್ನಡಕ ಒರೆಸಿಕೊಂಡರು. ರೀಲಿನಿಂದ ದಾರ ಎಳೆದು ಎಲ್ಲ ಕೊಂಡಿಗಳಲ್ಲಿ ಹಾಯಿಸಿ ಸೂಜಿಯ ಹತ್ತಿರ ತಂದರು. ಅಲ್ಲಿ ನಿಂತುಹೋಯಿತು. ಒಂದು ಸಲ, ಎರಡು ಸಲ, ಮೂರು ಸಲ. ಗಾಳಿಗೆ ದಾರ ಅಲ್ಲಾಡುತ್ತಿತ್ತು. ಇಮ್ತಿಯಾಜ್ ಬೇರೆ ಕಡೆ ತಿರುಗಿ ದೋಣಿಗಳನ್ನು ನೋಡತೊಡಗಿದ. ಕೊನೆಯ ಏಳೆಂಟು ವರ್ಷ ಸೂಜಿಗೆ ದಾರ ಪೋಣಿಸುತ್ತಿದ್ದವರು ರಹೀಮ್ ಅಂಕಲ್ ಎಂದು ಶೈಲಾ ನನಗೆ ಆಮೇಲೆ ಹೇಳಿದಳು. ಆಗ ನನಗೆ ಗೊತ್ತಿರಲಿಲ್ಲ. ನಾನು ಬೆಳಗಿನ ಮೆದು ಬೆಳಕು ಹೋಗುತ್ತದೆ ಎಂದು ಗಡಿಯಾರ ನೋಡುತ್ತಿದ್ದೆ. ಈ ಒಂದು ಕಾರಣಕ್ಕೆ ಆ ದಿನ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಾನಸಿ ಹೋಗಿ ಯಂತ್ರದ ಪಕ್ಕ ಮಂಡಿಯೂರಿ, ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಒಂದೇ ಸಲಕ್ಕೆ ಪೋಣಿಸಿದಳು.

"ಎಂಜಲು ಹಚ್ಚೋದು ಯಾರು ಹೇಳ್ಕೊಟ್ರು ನಿಂಗೆ?" ಎಂದು ಆಂಟಿ ಕೇಳಿದರು.

"ವಿಡಿಯೋ" ಎಂದಳು ಮಾನಸಿ.

ಯಂತ್ರ ಟಕಟಕ ಎಂದು ಶುರುವಾಯಿತು. ಎರಡು ವರ್ಷ ಸುಮ್ಮನಿದ್ದ ಯಂತ್ರ. ಆಂಟಿಯ ಎರಡೂ ಕೈಗಳು ಬಟ್ಟೆಯ ಮೇಲೆ ಹರಡಿ ಕೂತ ರೀತಿಗೇ ಅವರು ಬೇರೆ ಯಾರೋ ಆದ ಹಾಗೆ ಕಂಡಿತು. ನಾನು ಮಲಗಿ, ಕೂತು, ಮೊಣಕೈ ಊರಿ ಫೋಟೊ ತೆಗೆದೆ. ನಡುವೆ ಇಮ್ತಿಯಾಜ್, "ಅಂಕಲ್, ನೀರು ಹೋಗ್ತಾ ಇದೆಯಾ, ಬರ್ತಾ ಇದೆಯಾ?" ಎಂದ.

"ಹೋಗ್ತಾ ಇದೆ. ಟೈಮ್ ಟೇಬಲ್ ನೋಡಿದೀನಿ. ಹನ್ನೊಂದಕ್ಕೆ ಪೂರ್ತಿ ಇಳಿಯತ್ತೆ" ಎಂದೆ.

ಆಕ್ಲೆಂಡಿಗೆ ಎರಡು ಕಡೆ ಸಮುದ್ರ. ಎರಡರ ಉಬ್ಬರ ಇಳಿತಗಳಿಗೆ ಸುಮಾರು ಮೂರು ಗಂಟೆಯ ವ್ಯತ್ಯಾಸ. ನಾನು ನೋಡಿದ್ದು ನಮ್ಮ ಮನೆಗೆ ಹತ್ತಿರವಿರುವ ಪಶ್ಚಿಮದ ಸಮುದ್ರದ ಪಟ್ಟಿ. ಕೂತಿದ್ದು ಪೂರ್ವದ ಸಮುದ್ರದ ಮುಂದೆ. ಜಗತ್ತಿನ ಪೆಟ್ಟಿಗೆಗಳನ್ನು ಸರಿಯಾದ ಬೆಲ್ಟಿಗೆ ಹಾಕಿ ಸಂಬಳ ತೆಗೆದುಕೊಳ್ಳುವವನು ಎಂದು ಶೈಲಾ ಇಂದಿಗೂ ಬಂದವರಿಗೆಲ್ಲ ಹೇಳುತ್ತಾಳೆ.

ಹತ್ತೂಮುಕ್ಕಾಲಿಗೆ ನೀರು ಪ್ಲೈವುಡ್ಡನ್ನು ಮುಟ್ಟಿತು.

"ಆಂಟಿ, ಏಳಿ" ಎಂದಳು ಶೈಲಾ.

"ಇರಮ್ಮ, ಇನ್ನೊಂದು ಗೇಣು ಐತೆ" ಎಂದರು ಆಂಟಿ, ತುಳಿಯುವುದನ್ನು ನಿಲ್ಲಿಸದೆ. ಅವರ ಪಾದಗಳ ಕೆಳಗೆ ನೀರು ಹೊಕ್ಕು ಹೊರಬರುತ್ತಿತ್ತು. ತಲೆ ಬಗ್ಗಿತ್ತು, ಕೈಗಳ ಮೇಲೆ ಬಿಸಿಲಿತ್ತು, ಹಿಂದಿನಿಂದ ನಿಜವಾದ ಸಮುದ್ರವೇ ಸೀರೆಯನ್ನು ಹಿಂಬಾಲಿಸಿಕೊಂಡು ಬಂದಿತ್ತು. ನಾನು ಒಂದರ ಹಿಂದೊಂದು ಹತ್ತಾರು ಫೋಟೊ ತೆಗೆದೆ. ಆಮೇಲೆ ಒಂದು ಅಲೆ ಮೊಣಕಾಲಿನವರೆಗೆ ಬಂತು.

ಅಂಥ ಗಳಿಗೆಯಲ್ಲಿ ಮನುಷ್ಯನ ನಿಜವಾದ ಸ್ವಭಾವ ಹೊರಬರುತ್ತದಂತೆ. ನನ್ನದು ಕ್ಯಾಮೆರಾ, ಟ್ರೈಪಾಡು ಎರಡನ್ನೂ ಎದೆಗವಚಿಕೊಂಡು ದಿಬ್ಬದ ಕಡೆಗೆ ಓಡಿತು. ಸುರಕ್ಷಿತವಾದ ಹುಲ್ಲಿನ ಮೇಲೆ ನಿಂತು ತಿರುಗಿ ನೋಡಿದರೆ, ಇಮ್ತಿಯಾಜ್ ಒಂದು ಕಡೆ, ಮಾನಸಿ ಒಂದು ಕಡೆ ಹಿಡಿದು ಯಂತ್ರ ಹೊತ್ತು ತರುತ್ತಿದ್ದಾರೆ. ಶೈಲಾ ಹನ್ನೊಂದು ಮೀಟರ್ ಒದ್ದೆ ಸೀರೆಯನ್ನು ಮರಳು ಸಮೇತ ಬಾಚಿಕೊಂಡಿದ್ದಾಳೆ. ಆಂಟಿ ಸ್ಟೂಲನ್ನು ತಾವೇ ಎತ್ತಿಕೊಂಡು ನಿಧಾನವಾಗಿ ನಡೆದು ಬರುತ್ತಿದ್ದಾರೆ. ಹತ್ತಿರ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನು ನೆನೀಲಿಲ್ಲ ತಾನೆ?" ಎಂದು ಕಾಳಜಿಯಿಂದ ಕೇಳಿದರು. ಕಾಳಜಿಯಿಂದಲೇ ಕೇಳಿದರು ಎಂದು ನಾನು ನಂಬಿದ್ದೇನೆ.

ಯಂತ್ರಕ್ಕೆ ಆ ಮಧ್ಯಾಹ್ನವೇ ಸಿಹಿನೀರು ಸುರಿದು, ಒರೆಸಿ, ಎಣ್ಣೆ ಬಿಟ್ಟು ಇಮ್ತಿಯಾಜ್ ಉಳಿಸಿಕೊಂಡ. ಮಾನಸಿ ಎರಡು ವಾರ ಕಂಪ್ಯೂಟರಿನ ಮುಂದೆ ಕೂತು ಸೀರೆಯನ್ನು ಸಮುದ್ರ ಮಾಡಿದಳು. ಹಿಂದೆ ನಿಂತು ಬೆರಳು ತೋರಿಸಬಾರದೆಂಬ ಒಪ್ಪಂದವನ್ನು ನಾನು ಪಾಲಿಸಿದೆ. ಗಂಟಲು ಮಾತ್ರ ಸರಿಮಾಡಿಕೊಂಡೆ, ಅದೂ ಮೂರೋ ನಾಲ್ಕೋ ಸಲ. ಚಿತ್ರ ಮುಗಿದಾಗ ನಿಜಕ್ಕೂ ಮೈ ಜುಮ್ಮೆಂದಿತು. ಆಂಟಿಯನ್ನು ಕರೆಸಿದೆವು.

ಅವರು ಕನ್ನಡಕ ಏರಿಸಿ ಪರದೆಯ ಹತ್ತಿರ ಬಂದು ನೋಡಿದರು. ಮುಖವೂ ಅರ್ಧ ಕಾಣುತ್ತಿತ್ತು. ಅದಕ್ಕೆ ಬೈಯುತ್ತಾರೆಂದು ನಾನು ಸಿದ್ಧನಾಗಿದ್ದೆ. ಅವರು ಅದರ ಸುದ್ದಿಯನ್ನೇ ಎತ್ತಲಿಲ್ಲ.

"ದಾರ ಎಲ್ಲಿ?" ಎಂದರು.

ನೋಡಿದರೆ ಹೌದು. ಚಿತ್ರಕ್ಕೆಂದು ನಾವು ಆರಿಸಿದ್ದ, ಅಲೆ ಬಡಿಯುವ ಮುಂಚಿನ ಆ ಒಂದು ಫೋಟೊದಲ್ಲಿ ದಾರ ತುಂಡಾಗಿತ್ತು. ಸೂಜಿ ಬರಿದಾಗಿ ನಿಂತಿತ್ತು.

"ಅಷ್ಟು ಸಣ್ಣದು ಯಾರು ನೋಡ್ತಾರೆ ಆಂಟಿ" ಎಂದೆ.

"ಹೊಲಿಯೋರು ನೋಡ್ತಾರಲ್ಲಪ್ಪ."

ಮಾನಸಿ ಕುರ್ಚಿ ಎಳೆದು ಆಂಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ನಿಜವಾದ ನೀಲಿ ದಾರವೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋಟೊ ತೆಗೆದು, ಅದನ್ನು ಚೂರುಚೂರಾಗಿ ಚಿತ್ರದೊಳಗೆ ಹಾಯಿಸತೊಡಗಿದಳು. ನನಗೆ ಟೀ ಮಾಡುವ ಕೆಲಸ ಸಿಕ್ಕಿತು. ಆಂಟಿ ಹೆಣಿಗೆ ಕಡ್ಡಿಯೊಂದನ್ನು ಹಿಡಿದು ಪರದೆಯ ಮೇಲೆ ದಾರಿ ತೋರಿಸುತ್ತಿದ್ದರು. ಹಿಂದಿನ ಕೊಂಡಿ, ಅಲ್ಲಿಂದ ಬಿಲ್ಲೆಗಳ ನಡುವೆ, ಆಮೇಲೆ ಮೇಲೆ ಹೋಗಿ ಆಡುವ ಕೊಕ್ಕೆ, ಆಮೇಲೆ ಕೆಳಗೆ.

"ಹಂಗಲ್ಲ ಪುಟ್ಟಿ. ಅಲ್ಲಿ ಸಡಿಲ ಬಿಟ್ರೆ ಕೆಳಗೆ ಗಂಟು ಬೀಳ್ತೈತೆ."

"ಇದು ಚಿತ್ರ ಆಂಟಿ. ಗಂಟು ಬೀಳಲ್ಲ."

"ನಿಂಗೆ ಬೀಳಲ್ಲ. ನಂಗೆ ಬೀಳ್ತೈತೆ."

ಸೂಜಿಯ ಕಣ್ಣಿಗೆ ಬಂದಾಗ ಆಂಟಿ ಕಡ್ಡಿಯನ್ನು ಮಡಿಲಲ್ಲಿ ಇಟ್ಟುಕೊಂಡರು. "ಇದು ಅವರ ಕೆಲಸ ಆಗಿತ್ತು. ಬೆಳಗ್ಗೆ ಚಾ ಕುಡಿದು ಮಿಷನ್ನಿಗೆ ಪೋಣಿಸಿ, ಕೈಹೊಲಿಗೆಯ ಹತ್ತು ಸೂಜಿಗೂ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಕೆಲಸಕ್ಕೆ ಹೋಗೋರು. ಸಂಜೆತನಕ ಸಾಕಾಗ್ತಿತ್ತು ನಂಗೆ" ಎಂದರು. ಯಾರಿಗೆ ಹೇಳಿದರೋ. ಮಾನಸಿ ಚಿತ್ರವನ್ನು ದೊಡ್ಡದು ಮಾಡಿದಳು. ಸೂಜಿಯ ಕಣ್ಣು ಕಿಟಕಿಯಷ್ಟಾಯಿತು. ದಾರವನ್ನು ಅದರೊಳಗೆ ಹಾಯಿಸಿ, ಆಂಟಿಯ ಕಡೆ ತಿರುಗಿ, "ಸರಿ ಇದೆಯಾ?" ಎಂದಳು.

ಕನ್ನಡದಲ್ಲಿ. ಎರಡೇ ಪದ. ನಾನು ಕೇಳಿಸದವನಂತೆ ಟೀ ಸೋಸಿದೆ. ಗಮನಿಸಿದೆನೆಂದು ಗೊತ್ತಾದರೆ ಇನ್ನು ಹತ್ತು ವರ್ಷ ಇಂಗ್ಲಿಷೇ ಗತಿ.

ಪ್ರದರ್ಶನದ ದಿನ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಚಿತ್ರದ ಪಕ್ಕ ನಿಂತೆ. ಬೆಳಕಿನ ಬಗ್ಗೆ, ನೆರಳಿನ ಬಗ್ಗೆ ಯಾರಾದರೂ ಕೇಳಿದರೆ ಹೇಳಲು ಮಾತುಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಜುಬೇದಾ ಆಂಟಿ ಗೋಡೆಯ ಪಕ್ಕದ ಕುರ್ಚಿಯಲ್ಲಿ, ಇದಕ್ಕೂ ತಮಗೂ ಸಂಬಂಧವಿಲ್ಲ ಎಂಬಂತೆ ಕೂತಿದ್ದರು. ಒಬ್ಬರು ಬಂದು ಇದರಲ್ಲಿ ಯಾವುದು ನಿಜ ಎಂದು ಕೇಳಿದರು. ಸಮುದ್ರ ನಿಜ, ಸೀರೆ ನಿಜ, ಆಕೆ ನಿಜ, ಸುಳ್ಳೇನಿದ್ದರೂ ದಾರವೊಂದೇ ಎಂದೆ. ಅವರಿಗೆ ನಿರಾಸೆಯಾದಂತೆ ಕಂಡಿತು.

ಆಮೇಲೆ ಉದ್ದ ಕೋಟು ತೊಟ್ಟ, ಎಪ್ಪತ್ತು ದಾಟಿದ, ಇಲ್ಲಿಯವರೇ ಆದ ಹೆಂಗಸೊಬ್ಬರು ಬಂದರು. ಮೂಗು ತಾಗುವಷ್ಟು ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. ನಾನು ನೆಟ್ಟಗೆ ನಿಂತೆ. ಅವರು ನೋಡುತ್ತಿದ್ದದ್ದು ಸಮುದ್ರವನ್ನಲ್ಲ, ಲೇಸಿನ ಹೊಲಿಗೆಯನ್ನು.

"ಇದನ್ನು ಹೊಲಿದವರು ಯಾರು?" ಎಂದು ಕೇಳಿದರು.

ನಾನು ಕುರ್ಚಿಯ ಕಡೆ ಕೈ ತೋರಿಸಿದೆ. ಅವರು ಸೀದಾ ಆಂಟಿಯ ಮುಂದೆ ಹೋಗಿ ನಿಂತು ಕೋಟಿನ ತುದಿ ಎತ್ತಿ ತೋರಿಸಿದರು. ಒಳಗಿನ ಲೈನಿಂಗು ಬಿಚ್ಚಿ ಜೋತುಬಿದ್ದಿತ್ತು, ಯಾರೋ ಒರಟಾಗಿ ಹೊಲಿದು ಕೆಡಿಸಿದ್ದರು. ಆಂಟಿ ಮಾಮೂಲಿನಂತೆ ಕಣ್ಣು ಕಾಣಲ್ಲ ಎನ್ನುತ್ತಾರೆಂದು ನಾನು ಕಾದೆ. ಅವರ ಕೈ ಆಗಲೇ ಕೋಟಿನ ಮೇಲಿತ್ತು. ಅಂಚನ್ನು ತಿರುವಿ ನೋಡಿ ನಾಲಿಗೆಯಿಂದ ಲೊಚಗುಟ್ಟಿದರು. ಕುರ್ಚಿಯಿಂದಿಳಿದು ಹಾಲ್‌ನ ನೆಲದ ಮೇಲೆ ಮಂಡಿಯೂರಿ ಕೂತರು. ದುಪಟ್ಟಾಗೆ ಚುಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ಕಿತ್ತು ತುಟಿಗಳ ನಡುವೆ ಹಿಡಿದುಕೊಂಡರು.

ಇಮ್ತಿಯಾಜ್ ಕೇಕಿನ ತಟ್ಟೆ ಹಿಡಿದುಕೊಂಡು ಓಡಿಬಂದ. "ಅಮ್ಮಿ, ಏನ್ ಮಾಡ್ತಾ ಇದೀರಾ? ಇಲ್ಲೇನಾ?" ಎಂದ.

ಬಾಯಲ್ಲಿ ಪಿನ್ನುಗಳಿದ್ದುದರಿಂದ ಆಂಟಿ ಮಾತಾಡಲಿಲ್ಲ. ಸುಮ್ಮನಿರು ಎಂದು ಕೈ ಎತ್ತಿ ಸನ್ನೆ ಮಾಡಿ, ಆ ಹೆಂಗಸನ್ನು ಮೊಣಕೈ ಹಿಡಿದು ಸ್ವಲ್ಪ ಬೆಳಕಿನ ಕಡೆಗೆ ತಿರುಗಿಸಿಕೊಂಡು, ಕೋಟಿನ ಅಂಚನ್ನು ಮಡಚತೊಡಗಿದರು.